ತಿಂಗಳ ಕೊನೆಗೆ ಬರವಣಿಗೆಯ ಲೆಕ್ಕ: ಬಿಡುವಿನಲ್ಲಿ ಬರೆಯುವವರಿಗೊಂದು ಕೈಪಿಡಿ

ಬರವಣಿಗೆಯೇ ಹೊಟ್ಟೆಪಾಡಾದವರಿಗೆ ಸಂಪಾದಕರ ಫೋನ್ ಇರುತ್ತದೆ, ಪುಟ ಕಟ್ಟುವ ಗಡುವು ಇರುತ್ತದೆ. ಬ್ಯಾಂಕು, ಶಾಲೆ, ತೋಟ, ಅಡುಗೆಮನೆ ಎಲ್ಲ ಮುಗಿಸಿಕೊಂಡು ರಾತ್ರಿ ಹತ್ತರ ಮೇಲೆ ಕಥೆ ಬರೆಯಲು ಕೂರುವವರನ್ನು ಮಾತ್ರ ಯಾರೂ ಕೇಳುವುದಿಲ್ಲ. ಜೂನ್‌ನಲ್ಲಿ ಶುರು ಮಾಡಿದ ಕಥೆ ಸಂಕ್ರಾಂತಿಗೂ ಮುಗಿಯದಿದ್ದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಎಷ್ಟೋ ಸಲ ಬರೆಯುತ್ತಿರುವವರ ಕಣ್ಣಿಗೂ. ಇದಕ್ಕೆ ನನಗೆ ಗೊತ್ತಿರುವ ಮದ್ದು ಒಂದೇ. ತಿಂಗಳ ಕೊನೆಯ ಒಂದು ಸಂಜೆ ಮುಕ್ಕಾಲು ಗಂಟೆ ಕೂತು ಲೆಕ್ಕ ನೋಡುವುದು, ಅದರ ಬಾಕಿಯಿಂದಲೇ ಮುಂದಿನ ತಿಂಗಳ ಕೆಲಸ ತೆಗೆಯುವುದು.

ಈ ಲೆಕ್ಕದಲ್ಲಿ ನೋಡಬೇಕಾದ್ದು ಯಾವ ಬರಹ ಎಲ್ಲಿಂದ ಎಲ್ಲಿಗೆ ಸರಿಯಿತು ಎಂಬುದನ್ನು. ಹತ್ತು ಕಥೆಗಳ ಮೊದಲ ಪುಟ ಬರೆದ ತಿಂಗಳಿಗಿಂತ ಒಂದೇ ಒಂದು ಕಥೆ ಮುಗಿದ ತಿಂಗಳು ದೊಡ್ಡದು ಎಂದು ನಂಬುವವನು ನಾನು. ಒಪ್ಪದವರೂ ಇದ್ದಾರೆ, ಇರಲಿ.

ಮೊದಲು: ಚೆದುರಿದ್ದನ್ನು ಒಂದೆಡೆ ತನ್ನಿ

ನಮ್ಮ ಬರಹಗಳು ಇರುವ ಜಾಗಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಫೋನಿನ ನೋಟ್ಸ್, ವಾಟ್ಸಾಪ್‌ನಲ್ಲಿ ನಮಗೆ ನಾವೇ ಕಳಿಸಿಕೊಂಡ ಸಾಲುಗಳು, ಹಳೆಯ ಡೈರಿ, ಆಫೀಸಿನ ಕಂಪ್ಯೂಟರಿನಲ್ಲಿ ಊಟದ ಹೊತ್ತಿನಲ್ಲಿ ಟೈಪ್ ಮಾಡಿದ ಒಂದು ಪುಟ, ಬಸ್ಸಿನಲ್ಲಿ ಪಿಸುಗುಟ್ಟಿ ರೆಕಾರ್ಡ್ ಮಾಡಿಕೊಂಡ ಎರಡು ನಿಮಿಷದ ದನಿ. ಮೊದಲ ಸಲ ಲೆಕ್ಕಕ್ಕೆ ಕೂತಾಗ ಇವನ್ನೆಲ್ಲ ಒಂದು ನೋಟ್‌ಬುಕ್ಕಿನ ಪುಟಕ್ಕೆ ಇಳಿಸಬೇಕು. ಬರಹವನ್ನೇ ನಕಲು ಮಾಡಬೇಕಿಲ್ಲ. ಅದಕ್ಕೊಂದು ಅಡ್ಡಹೆಸರು, ಅದು ಎಲ್ಲಿದೆ ಎಂಬ ಸುಳಿವು, ಅಷ್ಟು ಸಾಕು. ಮೊದಲ ತಿಂಗಳು ಇದಕ್ಕೇ ಇಡೀ ಸಂಜೆ ಹೋದೀತು, ಎರಡನೇ ತಿಂಗಳಿಂದ ಹತ್ತು ನಿಮಿಷದ ಕೆಲಸ.

ಕಂಪ್ಯೂಟರಿನ ಫೈಲುಗಳಿಗೆ ‘ಹೊಸ ಕಥೆ’, ‘ಫೈನಲ್’, ‘ಫೈನಲ್ ಸರಿಯಾದದ್ದು’ ಎಂದೆಲ್ಲ ಹೆಸರಿಡುವುದನ್ನು ಇವತ್ತೇ ಬಿಡಿ. ಅಡ್ಡಹೆಸರು, ಕರಡಿನ ಸಂಖ್ಯೆ, ತಿಂಗಳು ಈ ಮೂರಿದ್ದರೆ ಆಯಿತು: ‘ಅಡಿಕೆ-ಕರಡು2-ಜೂನ್’. ಹಳೆಯ ಕರಡಿನ ಮೇಲೆಯೇ ತಿದ್ದಬೇಡಿ, ನಕಲು ತೆಗೆದು ಅದರಲ್ಲಿ ತಿದ್ದಿ. ಎರಡು ತಿಂಗಳ ಹಿಂದೆ ಹೊಡೆದುಹಾಕಿದ ಪ್ಯಾರಾ ಮತ್ತೆ ಬೇಕಾಗುವುದು ಅಪರೂಪವೇನಲ್ಲ.

ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಬರೆದಿಟ್ಟವರಿಗೆ ಇನ್ನೊಂದು ಕೆಲಸವಿದೆ. ಆ ಫೈಲುಗಳನ್ನು ಫೋನಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ, ಒಳಗಿನ ಪದ ಹುಡುಕಿದರೂ ಸಿಗುವುದಿಲ್ಲ. ತಿಂಗಳಿಗೆ ಒಂದೆರಡು ಫೈಲಿನಂತೆ ಯುನಿಕೋಡ್‌ಗೆ, ಅಂದರೆ ಫೋನು, ಕಂಪ್ಯೂಟರು ಎಲ್ಲದರಲ್ಲೂ ಓದಲು ಬರುವ ಅಕ್ಷರ ಸಂಕೇತಕ್ಕೆ, ಪರಿವರ್ತಿಸಿಕೊಳ್ಳುತ್ತ ಹೋಗಿ. ಪರಿವರ್ತನೆಯಾದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ನೋಡಬೇಕು. ಎಡವಟ್ಟಾಗುವುದು ಹೆಚ್ಚಾಗಿ ಅಲ್ಲೇ.

ಎರಡನೆಯದು: ಯಾವುದು ಯಾವ ಮನೆಯಲ್ಲಿದೆ?

ಪುಟದಲ್ಲಿ ಐದು ಮನೆ ಹಾಕಿಕೊಳ್ಳಿ. ಹೊಳಹು, ಮೊದಲ ಕರಡು, ತಿದ್ದುತ್ತಿರುವುದು, ಓದಲು ಕೊಟ್ಟದ್ದು, ಕಳಿಸಿದ್ದು. ಕೈಯಲ್ಲಿರುವ ಪ್ರತಿ ಬರಹವೂ ಇವುಗಳಲ್ಲಿ ಒಂದರಲ್ಲಿ ಕೂರಬೇಕು. ‘ತಲೆಯಲ್ಲಿ ಪೂರ್ತಿ ಇದೆ, ಬರೆಯುವುದೊಂದೇ ಬಾಕಿ’ ಎನ್ನುವಂಥದ್ದು ಹೊಳಹಿನ ಮನೆಗೇ ಹೋಗಬೇಕು, ರಿಯಾಯಿತಿ ಇಲ್ಲ. ಮೊದಲ ಕರಡು ಎಂದರೆ ಶುರುವಿನಿಂದ ಕಡೆಯವರೆಗೆ ಎಷ್ಟೇ ಒರಟಾಗಿಯಾದರೂ ಇರುವ ಬರಹ. ಮುಕ್ಕಾಲು ಪಾಲು ಬರೆದು ನಿಂತದ್ದನ್ನು ಅದರಲ್ಲಿ ಸೇರಿಸಿಕೊಂಡರೆ ಲೆಕ್ಕ ಚೆನ್ನಾಗಿ ಕಾಣುತ್ತದೆ, ಕಥೆ ಅಲ್ಲೇ ಉಳಿಯುತ್ತದೆ.

ಒಂದು ತಿಂಗಳ ಪುಟ ಹೀಗಿರಬಹುದು. ಕಥೆಗಳು ಉದಾಹರಣೆಗೆಂದು ಕಟ್ಟಿದವು.

ಅಡಿಕೆ ಕಥೆ: ಮೊದಲ ಕರಡು ಮುಗಿದಿದೆ, ತಿದ್ದಲು ತೆಗೆದುಕೊಂಡಿದ್ದೇನೆ. ಕಡೆಯ ದೃಶ್ಯ ಕೂರುತ್ತಿಲ್ಲ.
ಬಸ್‌ಸ್ಟ್ಯಾಂಡಿನ ಕಥೆ: ಹಿಂದೆ ಇದ್ದ ಮನೆಯಲ್ಲೇ ಇದೆ. ಮೂರನೇ ತಿಂಗಳು.
ರೇಷನ್ ಅಂಗಡಿಯಲ್ಲಿ ಬೆರಳಚ್ಚು ಹಿಡಿಯದ ಮುದುಕಿ: ಹೊಳಹು. ಹೊಸತು.
ಅಪ್ಪನ ಸೈಕಲ್ ಬಗ್ಗೆ ಪ್ರಬಂಧ: ಕಳಿಸಿದೆ. ಉತ್ತರ ಬಂದಿಲ್ಲ.

ನಾಲ್ಕೇ ಸಾಲು. ಆದರೆ ಹೋದ ತಿಂಗಳ ಪುಟದ ಪಕ್ಕದಲ್ಲಿಟ್ಟು ನೋಡಿದರೆ ಯಾವುದು ನಡೆಯುತ್ತಿದೆ, ಯಾವುದು ಕೂತುಬಿಟ್ಟಿದೆ ಎಂದು ಗೊತ್ತಾಗುತ್ತದೆ. ಇದಕ್ಕಾಗಿ ಆ್ಯಪ್ ಹುಡುಕುತ್ತ ಹೊರಡಬೇಡಿ. ಆ್ಯಪ್ ಸಜ್ಜು ಮಾಡುವುದರಲ್ಲೇ ಬರೆಯುವ ಭಾನುವಾರ ಕಳೆದುಹೋಗುತ್ತದೆ.

ಮೂರನೆಯದು: ಪದ ಎಣಿಸುವುದಾದರೆ ನಮ್ಮ ಲೆಕ್ಕದಲ್ಲಿ ಎಣಿಸಿ

ಅಮೆರಿಕದಲ್ಲಿ 1999ರಲ್ಲಿ ಶುರುವಾದ ‘ನ್ಯಾನೊರೈಮೊ’ ಎಂಬ, ಒಂದು ತಿಂಗಳಲ್ಲಿ ಕಾದಂಬರಿ ಬರೆಯುವ ಚಟುವಟಿಕೆ ಜಗತ್ತಿನ ಹವ್ಯಾಸಿ ಬರಹಗಾರರಿಗೆ ಒಂದು ಅಂಕಿಯನ್ನು ಅಂಟಿಸಿತು. ನವೆಂಬರ್ ತಿಂಗಳಲ್ಲಿ 50,000 ಪದ, ಅಂದರೆ ದಿನಕ್ಕೆ 1,667. ಅದನ್ನು ನಡೆಸುತ್ತಿದ್ದ ಸಂಸ್ಥೆ ಬಾಗಿಲು ಮುಚ್ಚುವುದಾಗಿ 2025ರಲ್ಲಿ ಹೇಳಿತು, ಅಂಕಿ ಮಾತ್ರ ಇನ್ನೂ ಓಡಾಡುತ್ತಿದೆ. ಕನ್ನಡದಲ್ಲಿ ಬರೆಯುವವರು ಅದನ್ನು ನೋಡಿ ತಮ್ಮನ್ನು ಸೋಮಾರಿಗಳೆಂದು ಬೈದುಕೊಳ್ಳುವುದನ್ನು ಕಂಡಿದ್ದೇನೆ. ಬೈದುಕೊಳ್ಳಬೇಕಿಲ್ಲ. ‘ಹೋಗಬಾರದೆಂದುಕೊಂಡಿದ್ದೆ’ ಎಂದು ನಾವು ಒಂದು ಪದದಲ್ಲಿ ಮುಗಿಸುವುದಕ್ಕೆ ಇಂಗ್ಲಿಷಿನಲ್ಲಿ ಐದಾರು ಪದ ಬೇಕು. ಅದನ್ನೇ ‘ಹೋಗಬಾರದು ಅಂದುಕೊಂಡಿದ್ದೆ’ ಎಂದು ಬಿಡಿಸಿ ಬರೆದರೆ ಕಂಪ್ಯೂಟರ್ ಎರಡು ಎಂದು ಎಣಿಸುತ್ತದೆ. ಹೀಗೆ ಸಂಧಿ ಮಾಡುವುದರ ಮೇಲೆ, ಜಾಗ ಬಿಡುವುದರ ಮೇಲೆ ಏರಿಳಿಯುವ ಸಂಖ್ಯೆಗೆ ತಲೆ ಕೊಡುವುದರಲ್ಲಿ ಹುರುಳಿಲ್ಲ.

ಸ್ಪರ್ಧೆಯ ಪದಮಿತಿಗೆ ಎಣಿಕೆ ಬೇಕು, ಅದು ಬೇರೆ ವಿಷಯ. ತಿಂಗಳ ಲೆಕ್ಕಕ್ಕೆ ನಾನು ಹೇಳುವುದು ದೃಶ್ಯದ ಎಣಿಕೆ. ಈ ತಿಂಗಳು ಎಷ್ಟು ದೃಶ್ಯ ಬರೆದಾಯಿತು? ಎಷ್ಟು ತಿದ್ದಾಯಿತು? ಪ್ರಬಂಧ ಬರೆಯುವವರು ದೃಶ್ಯದ ಬದಲು ಪ್ಯಾರಾ ಎನ್ನಬಹುದು. ಜೊತೆಗೆ ಬರೆಯಲು ಕೂತ ದಿನಗಳಿಗೆ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಚುಕ್ಕೆ. ಚುಕ್ಕೆಗಳು ಬಹಳವಿದ್ದು ದೃಶ್ಯಗಳು ಕಡಿಮೆಯಿದ್ದರೆ ಕಥೆ ಎಲ್ಲೋ ಸಿಕ್ಕಿಕೊಂಡಿದೆ ಎಂದರ್ಥ. ಚುಕ್ಕೆಗಳೇ ಇಲ್ಲದಿದ್ದರೆ ಕಥೆಯಲ್ಲಿ ತೊಂದರೆ ಹುಡುಕಬೇಡಿ, ದಿನಚರಿಯಲ್ಲಿ ಹುಡುಕಿ.

ನಾಲ್ಕನೆಯದು: ನಿಂತದ್ದು ಯಾಕೆ ನಿಂತಿತು?

ಮುಕ್ಕಾಲು ಗಂಟೆಯಲ್ಲಿ ಅರ್ಧ ಗಂಟೆ ಇದಕ್ಕೇ ಕೊಡಿ. ಸರಿಯದೆ ನಿಂತಿರುವ ಬರಹದ ಮುಂದೆ ‘ಮೂಡ್ ಇಲ್ಲ’ ಎಂದು ಬರೆದರೆ ಲೆಕ್ಕ ಮಾಡಿಯೂ ಉಪಯೋಗವಿಲ್ಲ. ಕಾರಣ ಮುಂದಿನ ಕೆಲಸವನ್ನು ತೋರಿಸುವಂತಿರಬೇಕು.

ಮೇಲಿನ ಅಡಿಕೆ ಕಥೆಯನ್ನೇ ತೆಗೆದುಕೊಳ್ಳೋಣ. ಶಿರಸಿಯ ಕಡೆಯ ಒಂದು ಮನೆ. ಬೆಂಗಳೂರಿನಲ್ಲಿರುವ ಮಗ ತೋಟ ಮಾರೋಣ ಎನ್ನುತ್ತಾನೆ. ಒಂಟಿಯಾಗಿರುವ ಅಜ್ಜಿ ಕಥೆಯುದ್ದಕ್ಕೂ ಬೇಡ ಎನ್ನುತ್ತಾಳೆ, ಕಡೆಯ ದೃಶ್ಯದಲ್ಲಿ ಹೂಂ ಎನ್ನುತ್ತಾಳೆ. ಬರೆದವರು ಆ ಕಡೆಯ ದೃಶ್ಯವನ್ನು ನಾಲ್ಕು ಥರ ಬರೆದಿದ್ದಾರೆ. ಒಂದರಲ್ಲಿ ಅಜ್ಜಿ ಅಳುತ್ತಾಳೆ, ಇನ್ನೊಂದರಲ್ಲಿ ಮಾತೇ ಆಡುವುದಿಲ್ಲ, ಮತ್ತೊಂದರಲ್ಲಿ ಮಳೆ ಬರುತ್ತದೆ. ಯಾವುದೂ ಹೊಂದುತ್ತಿಲ್ಲ. ಲೆಕ್ಕದ ಪುಟದಲ್ಲಿ ‘ಕಡೆಯ ದೃಶ್ಯ ಕೂರುತ್ತಿಲ್ಲ’ ಎಂದಿರುವುದು ನಿಜ, ಆದರೆ ಅದು ರೋಗದ ಲಕ್ಷಣ, ಕಾರಣವಲ್ಲ.

ಇಂಥಲ್ಲಿ ಕಥೆಯನ್ನು ಕಡೆಯಿಂದ ಹಿಂದಕ್ಕೆ, ಒಂದೊಂದು ದೃಶ್ಯವಾಗಿ ಓದಬೇಕು. ಪ್ರತಿ ದೃಶ್ಯಕ್ಕೂ ಒಂದೇ ಪ್ರಶ್ನೆ: ಇದು ಮುಗಿಯುವ ಹೊತ್ತಿಗೆ ಅಜ್ಜಿಯ ಮನಸ್ಸು ಎಲ್ಲಿತ್ತು? ಓದುತ್ತ ಬಂದರೆ ಎಲ್ಲ ದೃಶ್ಯದ ಕೊನೆಗೂ ‘ಬೇಡ’ ಎಂದೇ ಇದೆ, ಕಡೆಯಲ್ಲಿ ಮಾತ್ರ ‘ಹೂಂ’. ನಡುವೆ ಅವಳನ್ನು ತಿರುಗಿಸುವಂಥದ್ದು ಏನೂ ನಡೆದಿಲ್ಲ. ಆದರೆ ಎರಡನೇ ದೃಶ್ಯದಲ್ಲಿ ಒಂದು ಸಾಲು ಹಾಗೇ ದಾಟಿ ಹೋಗಿದೆ: ‘ಆ ವರ್ಷ ಕೊನೆಗೌಡ ಬರಲಿಲ್ಲ.’ ಮರ ಹತ್ತಿ ಅಡಿಕೆ ಕೊಯ್ಯುವವನು ಬರದಿದ್ದರೆ ಏನಾಗುತ್ತದೆ? ಹಸಿರಡಿಕೆ ಇಳಿಸುವ ಹೊತ್ತು ಮೀರುತ್ತದೆ, ಮರದ ಮೇಲೇ ಹಣ್ಣಾಗಿ ಉದುರುತ್ತದೆ, ಬಗ್ಗಿ ಹೆಕ್ಕಲು ಅಜ್ಜಿಯ ಸೊಂಟ ಕೇಳುವುದಿಲ್ಲ. ಮಗನ ಮಾತಿಗೆ ಜಗ್ಗದವಳು ಜಗ್ಗುವುದು ಅಲ್ಲಿ. ಕಥೆಯ ತಿರುವು ಬರೆದವರ ಕೈಯಲ್ಲೇ ಇತ್ತು, ಒಂದು ಸಾಲಿನಲ್ಲಿ ಮುಚ್ಚಿಹೋಗಿತ್ತು.

ಹೀಗಾಗಿ ಪುಟದಲ್ಲಿ ಬರೆದುಕೊಳ್ಳಬೇಕಾದ್ದು: ‘ಕೊನೆಗೌಡ ಬಾರದ ವರ್ಷದ ದೃಶ್ಯ ಬರೆಯಬೇಕು. ಅಜ್ಜಿ ತೋಟದಲ್ಲಿ ಒಬ್ಬಳೇ. ಅದು ಮುಗಿಯುವ ತನಕ ಕಡೆಯ ದೃಶ್ಯ ಮುಟ್ಟಬಾರದು.’ ಮುಂದಿನ ತಿಂಗಳ ಕೆಲಸ ಸಿಕ್ಕಿತಲ್ಲ.

ಎಲ್ಲ ಕಥೆಗೂ ಒಳಗಿನಿಂದಲೇ ಉತ್ತರ ಬರುವುದಿಲ್ಲ. ರೇಷನ್ ಅಂಗಡಿಯ ಮುದುಕಿಯ ಕಥೆ ಮುಂದೆ ಹೋಗದಿದ್ದರೆ ಅದಕ್ಕೆ ಕಾರಣ ಬರೀ ಮಾಹಿತಿಯ ಕೊರತೆ ಇರಬಹುದು. ಯಂತ್ರ ಬೆರಳಚ್ಚು ಹಿಡಿಯದಿದ್ದರೆ ಅಂಗಡಿಯವರು ಏನು ಹೇಳುತ್ತಾರೆ? ಬೆರಳು ಒರೆಸಿ ಮತ್ತೆ ಇಡಿಸುತ್ತಾರೋ, ನಾಳೆ ಬಾ ಎನ್ನುತ್ತಾರೋ, ಸಾಲಿನಲ್ಲಿ ಹಿಂದೆ ನಿಂತವರು ಏನು ಗೊಣಗುತ್ತಾರೆ? ಇದು ಮೇಜಿನ ಮುಂದೆ ಕೂತು ಹೊಳೆಯುವುದಲ್ಲ. ತಿಂಗಳಲ್ಲಿ ಒಂದು ಬೆಳಗ್ಗೆ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತು ಬರುವುದನ್ನೇ ಯೋಜನೆಯಲ್ಲಿ ಬರೆಯಿರಿ. ಅದೂ ಬರವಣಿಗೆಯೇ, ಅದಕ್ಕೂ ಒಂದು ಚುಕ್ಕೆ.

ಇನ್ನೊಂದು ಕಾರಣವಿದೆ, ಅದನ್ನು ಹೆಚ್ಚಿನವರು ಕಾಗದದ ಮೇಲೆ ಒಪ್ಪಿಕೊಳ್ಳುವುದಿಲ್ಲ. ‘ಚಿಕ್ಕಮ್ಮ ಓದಿದರೆ ಏನೆಂದುಕೊಂಡಾಳು?’ ಹತ್ತಿರದವರ ಬದುಕಿನಿಂದ ಎತ್ತಿಕೊಂಡ ಕಥೆ ಸರಿಯಾಗಿ ಅದೇ ಜಾಗದಲ್ಲಿ ನಿಲ್ಲುತ್ತದೆ. ಕರಡನ್ನು ಅಂಜದೆ ಪೂರ್ತಿ ಬರೆಯಿರಿ. ಕಳಿಸುವ ಮಾತು ಆಮೇಲಿನದು. ತಿದ್ದುವಾಗ ಊರು, ಕಸುಬು, ಮಕ್ಕಳ ಸಂಖ್ಯೆ, ಬೇಕಿದ್ದರೆ ಹೆಣ್ಣು ಗಂಡನ್ನೂ ಬದಲಿಸಿ ನೋಡಿ. ಎಷ್ಟೋ ಸಲ ಈ ಬದಲಾವಣೆಯಿಂದಲೇ ಕಥೆಗೆ ಉಸಿರು ಬರುತ್ತದೆ, ನಡೆದದ್ದಕ್ಕೆ ಕಟ್ಟುಬಿದ್ದಿದ್ದ ಕೈ ಬಿಡುಗಡೆಯಾಗುತ್ತದೆ.

ಬಸ್‌ಸ್ಟ್ಯಾಂಡಿನ ಕಥೆಯಂತೆ ಮೂರು ತಿಂಗಳಿಂದ ಒಂದೇ ಮನೆಯಲ್ಲಿ ಕೂತದ್ದಕ್ಕೆ ಒಂದೇ ಒಂದು ಅವಕಾಶ ಕೊಡಿ. ಮುಂದಿನ ತಿಂಗಳು ಒಂದು ಭಾನುವಾರ ಅದಕ್ಕೆ. ಆಗಲೂ ಅಲುಗದಿದ್ದರೆ ಪಟ್ಟಿಯಿಂದ ತೆಗೆದು ಬೇರೆ ಫೈಲಿಗೆ ಹಾಕಿ. ಅಳಿಸಬೇಡಿ. ಅದರೊಳಗಿನ ಒಂದು ಸಂಭಾಷಣೆ, ಒಬ್ಬ ಕಂಡಕ್ಟರ್ ಬೇರೆ ಕಥೆಗೆ ಬಂದಾರು. ಪ್ರತಿ ತಿಂಗಳೂ ಅದರ ಹೆಸರು ನೋಡಿ ಮನಸ್ಸು ಕೆಡಿಸಿಕೊಳ್ಳುವುದು ಮಾತ್ರ ಬೇಡ.

ಐದನೆಯದು: ಮುಂದಿನ ತಿಂಗಳಿಗೆ ಮೊದಲು ಹಬ್ಬ ಹರಿದಿನ, ಆಮೇಲೆ ಕಥೆ

ಹೆಚ್ಚಿನ ಯೋಜನೆಗಳು ಮುರಿದುಬೀಳುವುದು ಅವು ಖಾಲಿ ತಿಂಗಳಿಗೆ ಹಾಕಿದವಾಗಿರುವುದರಿಂದ. ನಮ್ಮ ತಿಂಗಳುಗಳು ಖಾಲಿ ಇರುವುದಿಲ್ಲ. ಬ್ಯಾಂಕಿನವರಿಗೆ ಮಾರ್ಚ್, ಮೇಷ್ಟ್ರುಗಳಿಗೆ ಎಸ್ಸೆಸ್ಸೆಲ್ಸಿ ಮೌಲ್ಯಮಾಪನ, ಎಲ್ಲರಿಗೂ ಏಪ್ರಿಲ್-ಮೇನಲ್ಲಿ ಮದುವೆ, ಗೃಹಪ್ರವೇಶ. ಮನೆ ನಡೆಸುವ ಹೆಂಗಸರಿಗೆ ಶ್ರಾವಣದಿಂದ ದೀಪಾವಳಿಯವರೆಗೆ ಹಬ್ಬದ ಮೇಲೆ ಹಬ್ಬ. ಅಡಿಕೆ ಕೊಯ್ಲಿನ ದಿನಗಳಲ್ಲಿ ತೋಟದವರ ಮನೆಯಲ್ಲಿ ರಾತ್ರಿಯೂ ಸುಲಿಯುವ ಕೆಲಸ.

ಕ್ಯಾಲೆಂಡರ್ ಗೋಡೆಯಿಂದ ಇಳಿಸಿಕೊಂಡು ಅಂಥ ದಿನಗಳನ್ನು ಹೊಡೆದುಹಾಕಿ. ಉಳಿದ ದಿನಗಳಲ್ಲಿ ಅರ್ಧದಷ್ಟನ್ನು ಮಾತ್ರ ನಿಮ್ಮವೆಂದು ತಿಳಿಯಿರಿ. ಇನ್ನರ್ಧವನ್ನು ಮಗುವಿನ ಜ್ವರ, ಕರೆಂಟು, ದಿಢೀರನೆ ಬರುವ ನೆಂಟರು ತೆಗೆದುಕೊಳ್ಳುತ್ತಾರೆ.

ಆ ಅರ್ಧಕ್ಕೆ ಮೂರು ಕೆಲಸ, ಹೆಚ್ಚು ಬೇಡ. ಒಂದನ್ನು ಮುಗಿಸುವುದು, ಒಂದನ್ನು ಒಂದು ಮನೆ ಮುಂದಕ್ಕೆ ಸರಿಸುವುದು, ಒಂದು ಹೊಳಹಿನ ಸುತ್ತ ಓಡಾಡುವುದು. ಬರೆದಿಡುವಾಗ ‘ಅಡಿಕೆ ಕಥೆ ಮುಗಿಸಬೇಕು’ ಎಂದರೆ ಸಾಲದು. ‘ಕೊನೆಗೌಡನ ದೃಶ್ಯ, ಎರಡು ಪುಟ, ಮೊದಲ ಎರಡು ಭಾನುವಾರ’ ಎಂದಿರಲಿ. ಪ್ರತಿ ಸಲ ಏಳುವ ಮುಂಚೆ ನಾಳೆ ಎಲ್ಲಿಂದ ಶುರು ಎಂದು ಒಂದು ಸಾಲು ಗೀಚಿಟ್ಟರೆ ಮರುದಿನ ಅರ್ಧ ಗಂಟೆ ಉಳಿಯುತ್ತದೆ. ಅರ್ಧ ಗಂಟೆಯೇ ಸಿಗುವವರಿಗೆ ಇದು ದೊಡ್ಡ ಉಳಿತಾಯ.

ಕೂರಲು ಹೊತ್ತೇ ಇಲ್ಲದವರಿಗೆ ಫೋನಿನ ಕೀಬೋರ್ಡಿನಲ್ಲಿ ಹೇಳಿ ಬರೆಸುವ ಸೌಲಭ್ಯ ಕನ್ನಡಕ್ಕೂ ಇದೆ. ಮೊದಲ ಕರಡಿಗೆ ಪರವಾಗಿಲ್ಲ. ವಿರಾಮ ಚಿಹ್ನೆಗಳನ್ನು ಕೈಯಿಂದಲೇ ಹಾಕಿಕೊಳ್ಳಬೇಕಾದೀತು. ‘ಹೋಗ್ಯಾನ’, ‘ಬಂದಾಳ’ ಥರದ ಆಡುಮಾತನ್ನು ಅದು ಏನೇನೋ ಮಾಡಿಡುತ್ತದೆ, ಅದೇ ದಿನ ಸರಿಪಡಿಸದಿದ್ದರೆ ವಾರದ ನಂತರ ಏನು ಹೇಳಿದ್ದಿರಿ ಎಂದು ನಿಮಗೇ ತಿಳಿಯದು.

ಆರನೆಯದು: ಕಳಿಸುವ ಖಾತೆ

ಮುಗಿದ ಬರಹಕ್ಕೆ ಬೇರೆಯೇ ಒಂದು ಪುಟ ಬೇಕು. ಯಾವ ಕರಡು, ಎಲ್ಲಿಗೆ, ಯಾವ ದಿನ, ಉತ್ತರ ಏನು. ಮಯೂರ, ತುಷಾರದಂಥ ಮಾಸಿಕಗಳು ವರ್ಷಕ್ಕೆ ಹನ್ನೆರಡೇ ಸಲ ಬರುತ್ತವೆ, ಜಾಗ ಕಡಿಮೆ. ಸುಧಾ, ತರಂಗದಂಥ ವಾರಪತ್ರಿಕೆಗಳಲ್ಲಿ, ಭಾನುವಾರದ ಪುರವಣಿಗಳಲ್ಲಿ ಸರದಿ ಬೇಗ ಬರಬಹುದು, ಆದರೆ ಅಲ್ಲಿ ಉದ್ದದ ಮಿತಿ ಬಿಗಿ. ಕಳಿಸುವ ಮುಂಚೆ ಆ ಪತ್ರಿಕೆಯ ಇತ್ತೀಚಿನ ನಾಲ್ಕು ಸಂಚಿಕೆಗಳ ಕಥೆಗಳನ್ನಾದರೂ ಓದಿರಬೇಕು. ಓದದೆ ಕಳಿಸಿದ್ದು ಎಂಥದ್ದೆಂದು ಸಂಪಾದಕರಿಗೆ ಮೊದಲ ಪುಟದಲ್ಲೇ ಗೊತ್ತಾಗುತ್ತದೆ.

ತಿರಸ್ಕಾರದ ಪತ್ರ ಬಾರದಿರುವುದು ನಮ್ಮಲ್ಲಿ ಮಾಮೂಲು. ಆದ್ದರಿಂದ ಕಳಿಸಿದ ದಿನವೇ ಕಾಯುವ ಗಡುವನ್ನೂ ಖಾತೆಯಲ್ಲಿ ಬರೆದುಬಿಡಿ, ನಾಲ್ಕು ತಿಂಗಳು ಎಂದಿಟ್ಟುಕೊಳ್ಳಿ. ಅಲ್ಲಿಯವರೆಗೆ ಅದೇ ಕಥೆ ಇನ್ನೊಂದು ಕಡೆಗೆ ಹೋಗಬಾರದು. ಗಡುವು ಕಳೆದ ಮೇಲೆ ‘ಈ ಕಥೆಯನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ’ ಎಂದು ವಿನಯದಿಂದ ಎರಡು ಸಾಲಿನ ಇಮೇಲ್ ಹಾಕಿ ಮುಂದಿನ ಪತ್ರಿಕೆಗೆ ಕಳಿಸಿ. ಎರಡು ಕಡೆ ಒಂದೇ ಕಥೆ ಅಚ್ಚಾದರೆ ಆಗುವ ಮುಜುಗರ ಸಣ್ಣದಲ್ಲ.

ಸ್ಪರ್ಧೆಗಳಿಗೆ ಹಿಂದಿನಿಂದ ಎಣಿಸಬೇಕು. ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಯ ಪ್ರಕಟಣೆ ಹಬ್ಬಕ್ಕೆ ಬಹಳ ಮೊದಲೇ ಬರುತ್ತದೆ. ಅದು ಬಂದ ಮೇಲೆ ಹೊಸ ಕಥೆ ಶುರು ಮಾಡುವವರು ಅವಸರದಲ್ಲೇ ಮುಗಿಸುತ್ತಾರೆ. ಕೊನೆಯ ದಿನ ಆಗಸ್ಟ್ 31 ಎಂದಿದ್ದರೆ ಕಳಿಸುವುದು 25ಕ್ಕೆ, ಸ್ನೇಹಿತರಿಗೆ ಓದಲು ಕೊಡುವುದು 10ಕ್ಕೆ, ಮೊದಲ ಕರಡು ಜುಲೈ ಮಧ್ಯಕ್ಕೆ. ಅಂದರೆ ಹೊಳಹು ಜೂನ್ ಲೆಕ್ಕದ ಪುಟದಲ್ಲೇ ಇರಬೇಕು. ನಿಯಮಗಳನ್ನು ಎರಡು ಸಲ ಓದಿ: ಕೊನೆಯ ದಿನ ಎಂದರೆ ಅಂಚೆಗೆ ಹಾಕುವ ದಿನವೋ, ತಲುಪಬೇಕಾದ ದಿನವೋ? ಕಥೆಯ ಪುಟಗಳಲ್ಲಿ ಹೆಸರು ಇರಬಹುದೇ? ಫೇಸ್‌ಬುಕ್‌ನಲ್ಲಿ ಹಾಕಿದ್ದನ್ನು ಪ್ರಕಟಿತ ಎಂದು ಎಣಿಸುತ್ತಾರೆಯೇ? ಆಸೆಯಿಂದ ಅಲ್ಲಿ ಹಾಕಿದ ಒಂದು ಕಥೆ ಇಲ್ಲಿ ಅನರ್ಹವಾಗಬಹುದು.

ಕವಿತೆ, ಅನುವಾದ, ಓದು

ಕವಿತೆ ಬರೆಯುವವರಿಗೆ ಮನೆ ಹಾಕುವ ಲೆಕ್ಕ ಅಷ್ಟಾಗಿ ಒಗ್ಗುವುದಿಲ್ಲ. ಹೋದ ತಿಂಗಳು ಬರೆದದ್ದನ್ನು ಈ ತಿಂಗಳು ಗಟ್ಟಿಯಾಗಿ ಓದಿ, ನಾಲಿಗೆ ಎಡವಿದ ಸಾಲಿಗೆ ಗೆರೆ ಹಾಕಿಕೊಂಡರೆ ಸಾಕು.

ಅನುವಾದಕರು ಲೆಕ್ಕ ಶುರು ಮಾಡಬೇಕಾದ್ದು ಅನುಮತಿಯಿಂದ. ಭಾರತದ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಆ ಅವಧಿ ಮುಗಿಯದ ಕೃತಿಯಾದರೆ ಪ್ರಕಾಶಕರಿಗೋ ವಾರಸುದಾರರಿಗೋ ಪತ್ರ ಬರೆಯುವುದೇ ಮೊದಲ ತಿಂಗಳ ಕೆಲಸ. ಇನ್ನೂರು ಪುಟ ಮುಗಿಸಿ ಆಮೇಲೆ ಕೇಳುವುದು ಜಾಣತನವಲ್ಲ.

ಓದಿದ ಪುಸ್ತಕಗಳ ಪಟ್ಟಿ ಬೇಕೇ? ಬೇಕು, ಆದರೆ ಎಷ್ಟು ಓದಿದಿರಿ ಎಂಬ ಜಂಬಕ್ಕಲ್ಲ. ಓದಿದ್ದರಲ್ಲಿ ಒಂದು ಕಡೆ ಬರೆದವರು ಏನೋ ಕೈಚಳಕ ತೋರಿದ್ದರೆ ಅದನ್ನು ಒಂದು ಸಾಲಿನಲ್ಲಿ ಬರೆದಿಡಿ. ಹತ್ತು ವರ್ಷದ ಅಂತರವನ್ನು ಅರ್ಧ ವಾಕ್ಯದಲ್ಲಿ ದಾಟಿಸಿದ್ದು, ಒಂದು ಜಗಳವನ್ನು ಪಕ್ಕದ ಮನೆಯವರ ಕಿವಿಯಿಂದ ಕೇಳಿಸಿದ್ದು, ಅಂಥವು. ತಿದ್ದುವ ದಿನ ಈ ಸಾಲುಗಳು ಕೈಗೆ ಬರುತ್ತವೆ.

ಪುಟವನ್ನು ಯಾರಿಗಾದರೂ ತೋರಿಸಬೇಕೇ?

ಒಬ್ಬರಿಗೆ. ಗುಂಪಿಗೆ ಬೇಡ. ವಾಟ್ಸಾಪ್ ಗುಂಪಿನಲ್ಲಿ ‘ಈ ವರ್ಷ ಕಾದಂಬರಿ’ ಎಂದು ಹೇಳಿದ ಕೂಡಲೇ ಬರುವ ಹೂಗುಚ್ಛಗಳು ಬರೆಯುವ ಹಸಿವನ್ನು ಅರ್ಧ ತಣಿಸಿಬಿಡುತ್ತವೆ. ತಾನೂ ಬರೆಯುವ, ಹೊಗಳಲೇಬೇಕೆಂಬ ಹಂಗಿಲ್ಲದ ಒಬ್ಬ ಗೆಳತಿಗೋ ಗೆಳೆಯನಿಗೋ ತಿಂಗಳ ಪುಟದ ಫೋಟೊ ಕಳಿಸಿ, ಅವರದ್ದನ್ನು ತರಿಸಿಕೊಳ್ಳಿ. ‘ಕೊನೆಗೌಡ ಬಂದನಾ?’ ಎಂದು ತಿಂಗಳ ಮಧ್ಯೆ ಒಂದು ಫೋನ್ ಬಂದರೆ ಬಹಳವಾಯಿತು. ಕರಡನ್ನು ಓದಲು ಕೊಡುವಾಗಲೂ ‘ಹೇಗಿದೆ ಹೇಳಿ’ ಎನ್ನಬೇಡಿ; ‘ಎಲ್ಲಿ ಬೇಸರ ಬಂತು, ಎಲ್ಲಿ ಗೊತ್ತಾಗಲಿಲ್ಲ, ಅಲ್ಲಿ ಪೆನ್ಸಿಲ್ ಗುರುತು ಹಾಕಿ’ ಎನ್ನಿ. ಮೊದಲ ಪ್ರಶ್ನೆಗೆ ‘ಚೆನ್ನಾಗಿದೆ ಕಣೇ’ ಎಂಬುದರ ಹೊರತು ಬೇರೆ ಉತ್ತರ ಹೊರಡುವುದಿಲ್ಲ.

ಪುಸ್ತಕದ ಯೋಚನೆ ಬಂದಾಗ

ಹೀಗೆ ಒಂದೆರಡು ವರ್ಷ ನಡೆದರೆ ಮುಗಿದ ಕಥೆಗಳು ಹತ್ತರ ಹತ್ತಿರ ಬಂದಿರುತ್ತವೆ. ಆಗ ತಿಂಗಳ ಪುಟದಲ್ಲಿ ಹೊಸದೊಂದು ಸಾಲು ಸೇರುತ್ತದೆ: ಹಸ್ತಪ್ರತಿ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿ ಪ್ರಕಟಣೆಗೆ ಪ್ರೋತ್ಸಾಹಧನ ಕೊಡುವ ಯೋಜನೆ ನಡೆಸಿದೆ. ಛಂದ ಪುಸ್ತಕ ಪ್ರಕಾಶನ ಹೊಸ ಕಥೆಗಾರರ ಹಸ್ತಪ್ರತಿಗಳಿಗೆ ಸ್ಪರ್ಧೆ ಏರ್ಪಡಿಸಿ ಬಹುಮಾನಿತ ಸಂಕಲನವನ್ನು ಪ್ರಕಟಿಸುತ್ತ ಬಂದಿದೆ. ವಯಸ್ಸಿನ ಮಿತಿ, ಪುಟಗಳ ಸಂಖ್ಯೆ, ಕೊನೆಯ ದಿನಾಂಕಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿಕೊಳ್ಳಬೇಕು. ಹಳೆಯ ವರ್ಷದ ಫಾರ್ವರ್ಡ್ ಮೆಸೇಜು ನಂಬಿ ಕೂರಬೇಡಿ.

ಹಸ್ತಪ್ರತಿಗೆ ಕಥೆಗಳನ್ನು ಜೋಡಿಸುವ ಮೊದಲು ಕಳಿಸುವ ಖಾತೆಯ ಪುಟಗಳನ್ನು ತಿರುವಿ ಹಾಕಿ. ಯಾವ ಕಥೆ ಯಾವ ಪತ್ರಿಕೆಯಲ್ಲಿ ಯಾವ ತಿಂಗಳು ಬಂತು ಎಂದು ಪುಸ್ತಕದಲ್ಲಿ ನಮೂದಿಸಬೇಕಾಗುತ್ತದೆ. ಎಲ್ಲೂ ಬಾರದೆ ಉಳಿದ ಕಥೆ ಎರಡೋ ಮೂರೋ ಇದ್ದರೆ ಅವನ್ನು ಬಿಡುವ ಮುಂಚೆ ಇನ್ನೊಮ್ಮೆ ಓದಿ, ಕಡೆಯಿಂದ ಹಿಂದಕ್ಕೆ.